ತಾತ್ಕಾಲಿಕ ಆಮದು

ಕೈಯಲ್ಲಿ ಹೆಲ್ಮೆಟ್ ಇತ್ತು, ಬೈಕ್ ಇರಲಿಲ್ಲ.

2017ರ ಏಪ್ರಿಲ್ 16, ಭಾನುವಾರ. ಥಾಯ್ಲೆಂಡ್ ಮುಗಿದು ಮಲೇಷ್ಯಾ ಶುರುವಾಗುವ ಪಾಡಾಂಗ್ ಬೆಸಾರ್ ರೈಲು ನಿಲ್ದಾಣ. ಕೌಂಟರಿನಾಚೆ ಕೂತಿದ್ದ ಥಾಯ್ ಅಧಿಕಾರಿ ನನ್ನ ಪಾಸ್‌ಪೋರ್ಟ್ ತಿರುವಿದರು. ಅದರೊಳಗೆ ಮಡಚಿಟ್ಟಿದ್ದ ಕಾಗದವನ್ನು ಬಿಡಿಸಿ ಓದಿದರು. ಆಮೇಲೆ ನನ್ನ ಕಂಕುಳಲ್ಲಿದ್ದ ಹೆಲ್ಮೆಟನ್ನು ನೋಡಿದರು, ನಾನು ಇಳಿದು ಬಂದ ರೈಲನ್ನು ನೋಡಿದರು.

“ಮೊತೊಸಾಯ್?” ಎಂದರು.

ಮೋಟರ್‌ಸೈಕಲ್ಲಿಗೆ ಥಾಯ್ ಜನ ಹಾಗೆ ಹೇಳುತ್ತಾರೆ. ಮೂರು ದಿನದ ಹಿಂದೆ ಬೈಕಿನಲ್ಲಿ ದೇಶದೊಳಗೆ ಬಂದವ ಈಗ ರೈಲಿನಲ್ಲಿ ಹೊರಗೆ ಹೋಗುತ್ತಿದ್ದಾನೆ, ಹಾಗಾದರೆ ಬೈಕ್ ಎಲ್ಲಿ? ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಹೇಳುವಷ್ಟು ಥಾಯ್ ಮಾತ್ರ ನನ್ನ ಹತ್ತಿರ ಇರಲಿಲ್ಲ.

ನಾನು ಪುತ್ತೂರಿನವ. ಆಗ ಮಲೇಷ್ಯಾದ ಪೆನಾಂಗಿನ ಬಾಯಾನ್ ಲೆಪಾಸ್‌ನಲ್ಲಿ, ಚಿಪ್‌ಗಳನ್ನು ಪರೀಕ್ಷೆ ಮಾಡುವ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ಹೋಗುವಾಗ ಎರಡು ವರ್ಷ ಎಂದುಕೊಂಡಿದ್ದೆ. ಎರಡು ನಾಲ್ಕಾಗಿತ್ತು. ಬೈಕ್ ಸಿಕ್ಕಿದ್ದು ನಮ್ಮ ಕಾರ್ಖಾನೆಯಲ್ಲೇ ಟೆಕ್ನಿಷಿಯನ್ ಆಗಿದ್ದ ಒಬ್ಬ ತಮಿಳರಿಂದ. ನಾನು ಅವರನ್ನು ಅಣ್ಣೆ ಎನ್ನುತ್ತಿದ್ದೆ, ಅವರು ನನ್ನನ್ನು ತಂಬಿ ಎನ್ನುತ್ತಿದ್ದರು. ಹೋಂಡಾ ಇಎಕ್ಸ್5, 100 ಸಿಸಿ. ಮಲೇಷ್ಯಾದಲ್ಲಿ ಇಂಥ ಸಣ್ಣ ಬೈಕಿಗೆ ‘ಕಪ್ಚಾಯ್’ ಎನ್ನುತ್ತಾರೆ. ಮೀನು ಮಾರುವವರಿಂದ ಮೇಷ್ಟ್ರವರೆಗೆ ಎಲ್ಲರ ಮನೆಯಲ್ಲೂ ಒಂದಿರುತ್ತದೆ. ಕೀಲಿ ಕೊಡುವಾಗ ಅಣ್ಣೆ ಹೇಳಿದ್ದು ಒಂದೇ ಮಾತು: “ತಂಬಿ, ಪೆಟ್ರೋಲ್ ಮುಗಿದ್ರೆ ನೂಕಿಕೊಂಡು ಹೋಗ್ಬಹುದು. ಆಯಿಲ್ ಮುಗಿದ್ರೆ ಹೊತ್ತುಕೊಂಡು ಹೋಗ್ಬೇಕು.”

ಅಣ್ಣೆಯ ಅಜ್ಜ ಮಲೇಷ್ಯಾದ ಕೆಡಾ ಸೀಮೆಯ ರಬ್ಬರ್ ಎಸ್ಟೇಟಿಗೆ ಹಾಲು ತೆಗೆಯುವ ಕೆಲಸಕ್ಕೆ ಬಂದವರಂತೆ. ಮೂರು ವರ್ಷ ದುಡಿದು ಊರಿಗೆ ಹೋಗಿ ಹೊಲ ಬಿಡಿಸಿಕೊಳ್ಳುವುದೆಂಬ ಲೆಕ್ಕ. ಆ ಮೂರು ವರ್ಷ ಮುಗಿಯಲೇ ಇಲ್ಲ. ಅಣ್ಣೆ ಇದನ್ನು ನಗುತ್ತಲೇ ಹೇಳುತ್ತಿದ್ದರು. ನನಗೆ ನಮ್ಮ ಸುಳ್ಯದ ಕಡೆಯ ರಬ್ಬರ್ ತೋಟಗಳ ನೆನಪಾಗುತ್ತಿತ್ತು. 1964ರ ಶಾಸ್ತ್ರಿ-ಸಿರಿಮಾವೊ ಒಪ್ಪಂದದ ಮೇಲೆ ಸಿಂಹಳದಿಂದ ವಾಪಸು ಬಂದ ತಮಿಳರಿಗೆ ಅಲ್ಲಿ ಸರ್ಕಾರ ರಬ್ಬರ್ ಬೆಳೆಸಿ ಕೆಲಸ ಕೊಟ್ಟಿತ್ತು. ಒಂದು ಕಡೆ ರಬ್ಬರಿಗಾಗಿ ಹೋದ ತಮಿಳರು, ಇನ್ನೊಂದು ಕಡೆ ವಾಪಸು ಬಂದು ಮತ್ತೆ ರಬ್ಬರನ್ನೇ ಹಿಡಿದ ತಮಿಳರು. ಅವರ ಊರು ಯಾವುದೆಂದು ಹೇಳುವುದು ಅವರಿಗಿಂತ ಅವರ ಕಾಗದಗಳಿಗೇ ಸುಲಭವಿದ್ದಿರಬೇಕು.

ಗಡಿ ದಾಟಿ ಥಾಯ್ಲೆಂಡಿಗೆ ಹೋಗುವ ಆಸೆ ಹುಟ್ಟಿಸಿದವರೂ ಅಣ್ಣೆಯೇ. “ಹಾಟ್ ಯಾಯ್ ಏನು ದೂರ? ಬೆಳಗ್ಗೆ ಹೊರಟ್ರೆ ಮಧ್ಯಾಹ್ನದ ಊಟಕ್ಕೆ ಅಲ್ಲಿ.” ಆಮೇಲೆ ಕಾಗದಗಳ ಪಟ್ಟಿ ಕೊಟ್ಟರು. ಭಾರತದ ಪಾಸ್‌ಪೋರ್ಟಿಗೆ ಆಗ ಥಾಯ್ ವೀಸಾ ಬೇಕಿತ್ತು. ಪೆನಾಂಗಿನಲ್ಲೇ ಥಾಯ್ ಕಾನ್ಸುಲೇಟ್ ಇದೆ, ಒಂದು ಪ್ರವೇಶಕ್ಕೆ ಒಂದು ವೀಸಾ. ಬೈಕಿನ ಮೂಲ ದಾಖಲೆ ಬೇಕು, ಅದಕ್ಕೆ ಮಲಯದಲ್ಲಿ ‘ಗೆರಾನ್’. ಥಾಯ್ಲೆಂಡಿನ ವಿಮೆ ಬೇಕು. ನಾಲ್ಕು ದಿನದ ತಿರುಗಾಟಕ್ಕೆ ನಾಲ್ಕು ದಿನ ಓಡಾಡಿ ಎಲ್ಲವನ್ನೂ ಕೂಡಿಸಿದೆ. ಹೊರಡುವ ಹಿಂದಿನ ಸಂಜೆ ಒಂದು ವರ್ಕ್‌ಶಾಪಿನಲ್ಲಿ ಆಯಿಲನ್ನೂ ಬದಲಿಸಿದೆ. ಅಣ್ಣೆಯ ಮಾತು ಪಾಲಿಸಿದೆ ಅಂತಲೇ ತಿಳಿದಿದ್ದೆ.

13ನೇ ತಾರೀಕು ಗುರುವಾರ, ಬೆಳಕು ಹರಿಯುವ ಮೊದಲೇ ದೋಣಿಯಲ್ಲಿ ಬಟರ್‌ವರ್ತಿಗೆ ದಾಟಿ ಉತ್ತರದ ಹೆದ್ದಾರಿ ಹಿಡಿದೆ. ಆ ಹೆದ್ದಾರಿಯಲ್ಲಿ ಬೈಕಿಗೆ ಟೋಲ್ ಇಲ್ಲ, ಟೋಲ್ ಗೇಟಿನ ಪಕ್ಕದಲ್ಲಿ ನಮಗೆಂದೇ ಒಂದು ಸಣ್ಣ ದಾರಿ. ಕಾರಿನವರು ಸಾಲಿನಲ್ಲಿ ಕಾಯುವಾಗ ನುಸುಳಿ ಹೋಗುವ ಸುಖ ಬೈಕಿನವರಿಗೇ ಗೊತ್ತು. ಅಲೋರ್ ಸೆಟಾರ್ ದಾಟುವವರೆಗೂ ಎರಡೂ ಕಡೆ ಗದ್ದೆ. ಮಲೇಷ್ಯಾದ ಅನ್ನದ ಬಟ್ಟಲು ಎಂದು ಕೆಡಾವನ್ನು ಕರೆಯುವುದು ಸುಮ್ಮನೆ ಅಲ್ಲ. ಆಮೇಲೆ ನೆಲ ಏರುತ್ತದೆ, ರಬ್ಬರ್ ಮರಗಳು ಬರುತ್ತವೆ, ಕೊನೆಗೆ ಬುಕಿಟ್ ಕಾಯು ಹಿತಾಮ್. ಹೆಸರಿನ ಅರ್ಥ ಕರಿಮರದ ಗುಡ್ಡ. ಗಡಿ ಇರುವುದು ಅಲ್ಲೇ.

ಆಚೆಗೆ ಥಾಯ್ಲೆಂಡಿನ ಸಡಾವ್ ಚೌಕಿ. ಅಲ್ಲಿ ನನಗೊಂದು, ನನ್ನ ಬೈಕಿಗೊಂದು ಪ್ರವೇಶ ಆಗಬೇಕು. ನನ್ನದು ಎರಡು ನಿಮಿಷದಲ್ಲಿ ಮುಗಿಯಿತು. ಬೈಕಿನದು ಮುಕ್ಕಾಲು ಗಂಟೆ. ಬಣ್ಣ, ಎಂಜಿನ್ ನಂಬರ್, ಚಾಸಿಸ್ ನಂಬರ್, ಯಜಮಾನ ಯಾರು, ಯಾವಾಗ ಹೊರಗೆ ಹೋಗುತ್ತದೆ. ಕೊನೆಗೆ ಸುಂಕದವರು ಕೊಟ್ಟ ಕಾಗದದ ತಲೆಬರಹ ನೋಡಿ ನಗು ಬಂತು: ತಾತ್ಕಾಲಿಕ ಆಮದು, ಮರು ರಫ್ತಿಗಾಗಿ. ನನ್ನ ಬೈಕ್ ಒಂದು ಸರಕು. ನಾನದನ್ನು ಥಾಯ್ಲೆಂಡಿಗೆ ತಂದಿದ್ದೇನೆ, ಗೊತ್ತಾದ ದಿನದೊಳಗೆ ತೆಗೆದುಕೊಂಡು ಹೋಗುತ್ತೇನೆ ಎಂದು ಸಹಿ ಹಾಕಿದ್ದೇನೆ. ಕಾಗದ ಮಡಚಿ ಪಾಸ್‌ಪೋರ್ಟಿನೊಳಗೆ ಇಡುವಾಗ ಪಕ್ಕದ ಪುಟದಲ್ಲಿದ್ದ ನನ್ನ ಮಲೇಷ್ಯಾ ಕೆಲಸದ ಪರವಾನಗಿ ಕಣ್ಣಿಗೆ ಬಿತ್ತು. ಅದರ ಮೇಲೂ ಒಂದು ಕೊನೆಯ ದಿನಾಂಕ ಇತ್ತು.

ನಾನು ಒಂದು ವಿಷಯ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಏಪ್ರಿಲ್ 13 ಥಾಯ್ ಜನರಿಗೆ ಸೊಂಗ್‌ಕ್ರಾನ್. ನಮ್ಮ ಸಂಕ್ರಾಂತಿ ಎಂಬ ಮಾತೇ ಅಲ್ಲಿ ಹಾಗಾಗಿದೆ. ಸೂರ್ಯ ಮೇಷಕ್ಕೆ ಬರುವ ಹೊತ್ತಿನ ಹೊಸ ವರ್ಷ, ನಮ್ಮ ತುಳುನಾಡಿನ ಬಿಸು, ತಮಿಳರ ಚಿತ್ತಿರೆ. ಆದರೆ ನಾವು ಬಿಸು ಕಣಿ ನೋಡಿ ಹಿರಿಯರ ಕಾಲಿಗೆ ಬೀಳುತ್ತೇವೆ. ಅವರು ಹಿರಿಯರ ಕೈಗೆ ನೀರು ಬಿಟ್ಟು ಆಶೀರ್ವಾದ ಪಡೆದು, ಮಿಕ್ಕ ನೀರನ್ನೆಲ್ಲ ರಸ್ತೆಯಲ್ಲಿ ಸಿಕ್ಕವರ ಮೇಲೆ ಸುರಿಯುತ್ತಾರೆ. ಬೈಕಿನವರೆಂದರೆ ವಿಶೇಷ ಪ್ರೀತಿ. ಗಡಿಯಿಂದ ಐದು ಕಿಲೋಮೀಟರ್ ಹೋಗುವುದರೊಳಗೆ ನಾನು ನಾಲ್ಕು ಬಾರಿ ತೋಯ್ದಿದ್ದೆ. ಐಸ್ ಹಾಕಿದ ನೀರು ಎದೆಗೆ ಬಿದ್ದಾಗ ಉಸಿರೇ ನಿಂತಂತಾಗುತ್ತದೆ. ಎರಚಿದ ಮಕ್ಕಳು ಕೈಮುಗಿದು ನಗುವುದರಿಂದ ಬೈಯುವ ಹಾಗೂ ಇಲ್ಲ.

ಹಾಟ್ ಯಾಯ್‌ಗೆ ಇನ್ನೂ ಇಪ್ಪತ್ತು ಕಿಲೋಮೀಟರ್ ಇರುವಾಗ ಎಂಜಿನ್ನಿನ ದನಿ ಒಣಗಿತು. ಮೊದಲು ನೀರು ಹೊಕ್ಕಿರಬೇಕು ಅಂದುಕೊಂಡೆ. ಆಮೇಲೆ ಕರಕಲು ವಾಸನೆ. ಹಿಂದಿನ ಚಕ್ರ ಒಮ್ಮೆಲೇ ಕಚ್ಚಿಕೊಂಡು, ಕ್ಲಚ್ ಲಿವರ್ ಇಲ್ಲದ ಆ ಬೈಕ್ ರಸ್ತೆಯಂಚಿಗೆ ಎಳೆದುಕೊಂಡು ಹೋಗಿ ನಿಂತಿತು. ಬಗ್ಗಿ ನೋಡಿದರೆ ಆಯಿಲಿನ ಡ್ರೈನ್ ಬೋಲ್ಟ್ ಇರಬೇಕಾದ ಜಾಗದಲ್ಲಿ ತೂತು. ಹಿಂದಿನ ಸಂಜೆ ಬಿಗಿ ಮಾಡಿರಲಿಲ್ಲ. ನಾನೂ ಮುಟ್ಟಿ ನೋಡಿರಲಿಲ್ಲ. ಬದಲಿಸುವುದು ಬೇರೆ, ನೋಡಿಕೊಳ್ಳುವುದು ಬೇರೆ ಎಂದು ಅಣ್ಣೆ ಹೇಳಿರಲಿಲ್ಲ. ಹೇಳಬೇಕಾದ ಮಾತೆಂದು ಅವರಿಗೆ ಅನಿಸಿರಲಿಕ್ಕಿಲ್ಲ.

ಹೊತ್ತುಕೊಂಡು ಹೋಗುವ ಮಾತು ಮಾತ್ರ ನಿಜವಾಯಿತು. ನೀರಿನ ಡ್ರಮ್ಮು ಹೇರಿಕೊಂಡು ಹೋಗುತ್ತಿದ್ದ ಒಂದು ಪಿಕಪ್ ನಿಂತಿತು. ಹಿಂದೆ ಏಳೆಂಟು ಹುಡುಗ ಹುಡುಗಿಯರು. ಯಾರೂ ಏನೂ ಕೇಳಲಿಲ್ಲ. ನಾಲ್ಕು ಜನ ಇಳಿದು, ಬೈಕನ್ನು ಅನಾಮತ್ತಾಗಿ ಎತ್ತಿ ಎರಡು ಡ್ರಮ್ಮುಗಳ ನಡುವೆ ಸಿಗಿಸಿ, ನನ್ನ ಕೈಗೆ ಒಂದು ಚೆಂಬು ಕೊಟ್ಟರು. ಹಾಟ್ ಯಾಯ್‌ಗೆ ನಾನು ಹೋದದ್ದು ಹಾಗೆ: ಕೆಟ್ಟ ಬೈಕಿನ ಸೀಟಿನ ಮೇಲೆ ಕೂತು, ದಾರಿಹೋಕರ ಮೇಲೆ ನೀರೆರಚುತ್ತ.

ಊರಿನ ಹೊರಗೆ, ತಗಡಿನ ಮಾಡಿನ ಒಂದು ಗ್ಯಾರೇಜಿನ ಮುಂದೆ ಇಳಿಸಿದರು. ಹಬ್ಬದ ದಿನ ಬಾಗಿಲು ಅರ್ಧ ಹಾಕಿತ್ತು. ಹುಡುಗರು “ಲುಂಗ್, ಲುಂಗ್” ಎಂದು ಕೂಗಿದರು. ಹಿರಿಯರಿಗೆ ಹೇಳುವ ಮಾತು ಅದು, ನಮ್ಮ ದೊಡ್ಡಪ್ಪ ಅಥವಾ ಮಾವ ಇದ್ದ ಹಾಗೆ. ಅರವತ್ತು ದಾಟಿದ ಒಬ್ಬರು ಕೈ ಒರೆಸುತ್ತ ಹೊರಗೆ ಬಂದರು. ಮಲೇಷ್ಯಾದ ಗಿರಾಕಿಗಳಿಂದ ಕಲಿತ ನಾಲ್ಕು ಮಾತು ಮಲಯ ಅವರಿಗೆ ಗೊತ್ತಿತ್ತು, ನನಗೂ ಸುಮಾರು ಅಷ್ಟೇ. ಇಬ್ಬರದೂ ಬಾಡಿಗೆ ಭಾಷೆ. ಅದರಲ್ಲೇ ವ್ಯವಹಾರ ನಡೆಯಿತು. ಕಿಕ್ಕರನ್ನು ಒಮ್ಮೆ ತುಳಿದು ನೋಡಿದರು, ಅದು ಅಲ್ಲಾಡಲಿಲ್ಲ. ಪಿಸ್ಟನ್ ಹಿಡಿದುಕೊಂಡಿದೆ, ಬೋರ್ ಮಾಡಿಸಬೇಕು, ಲೇಥಿನವ ಊರಿಗೆ ಹೋಗಿದ್ದಾನೆ. ಬರುವುದು ಮಂಗಳವಾರ. “ಬೋಲೆ,” ಎಂದರು. ಆಗುತ್ತದೆ. “ಸೆಲಾಸ.” ಮಂಗಳವಾರ.

ನನಗೆ ಸೋಮವಾರ ಬೆಳಿಗ್ಗೆ ಡ್ಯೂಟಿ ಇತ್ತು.

ಮರುದಿನ ಬೆಳಿಗ್ಗೆ ಅಮ್ಮ ಫೋನ್ ಮಾಡಿದರು. ನಮ್ಮಲ್ಲಿ ಬಿಸು.

“ಕಣಿ ಇಟ್ಟಾಯ್ತು. ನಮ್ಮ ಗೇರುಮರದ್ದೇ ಹಣ್ಣು. ನೀನು ಎಲ್ಲಿದ್ದಿ?”

“ಥಾಯ್ಲೆಂಡಲ್ಲಿ.”

“ಅಲ್ಲಿಗೆ ಎಂತಕ್ಕೆ ಹೋದದ್ದು ಮಾರಾಯ? ರಜೆ ಸಿಕ್ಕಿದ್ರೆ ಇಲ್ಲಿಗೆ ಬರ್ಲಿಕ್ಕೆ ಆಗ್ತಿರ್ಲಿಲ್ವಾ?”

ನಾಲ್ಕು ದಿನದ ರಜೆಯಲ್ಲಿ ಪುತ್ತೂರಿಗೆ ಹೋಗಿ ಬರಲು ಆಗುವುದಿಲ್ಲ ಎಂದೆ. ಹೌದಾ ಎಂದರು. ಮುಂದಿನ ಬಿಸುಗಾದರೂ ಬಾ ಎಂದರು. ನಾಲ್ಕು ವರ್ಷದಿಂದ ಅದೇ ಮಾತು, ನನ್ನದೂ ಅದೇ ಹೂಂ. ಬೈಕ್ ಕೆಟ್ಟದ್ದು ಹೇಳಲಿಲ್ಲ.

ಭಾನುವಾರ ಹೆಲ್ಮೆಟ್ ಹಿಡಿದು ಹಾಟ್ ಯಾಯ್ ನಿಲ್ದಾಣಕ್ಕೆ ಹೋದೆ. ದೊಡ್ಡ ಮಹಾತ್ ಮರ ಎಂಬುದರಿಂದ ಬಂದ ಹೆಸರಂತೆ ಹಾಟ್ ಯಾಯ್. ಹಲಸಿನ ಬಳಗದ ಮರ ಅದು. ಪಾಡಾಂಗ್ ಬೆಸಾರ್‌ಗೆ 45 ಕಿಲೋಮೀಟರ್, 50 ಬಾತ್ ಟಿಕೆಟ್. ಮೂರನೇ ದರ್ಜೆ ಡಬ್ಬಿ, ತಲೆಯ ಮೇಲೆ ತಿರುಗುವ ಫ್ಯಾನು, ಪೂರ್ತಿ ತೆರೆಯುವ ಕಿಟಕಿ. ಹುರಿದ ಈರುಳ್ಳಿ ಉದುರಿಸಿದ ಕರಿದ ಕೋಳಿಗೆ ಆ ಊರು ಹೆಸರುವಾಸಿ. ಅಂಟನ್ನದ ಜೊತೆ ಒಂದು ಪೊಟ್ಟಣ ಕಟ್ಟಿಸಿಕೊಂಡು ಕಿಟಕಿ ಪಕ್ಕ ಕೂತೆ.

ರೈಲು ಹೊರಟು ನಿಲ್ದಾಣದ ತಿರುವಿನಲ್ಲಿ ವಾಲಿದಾಗ ಆ ಓಲಾಟ ಮೈಗೆ ಮೊದಲೇ ಗೊತ್ತಿತ್ತು. ಬಗ್ಗಿ ಪಕ್ಕದ ಹಳಿ ನೋಡಿದೆ. ಮೀಟರ್‌ಗೇಜ್! ಮಂಗಳೂರು-ಹಾಸನ ರೈಲು ಪೂರ್ತಿ ಓಡತೊಡಗಿದ್ದು 1979ರಲ್ಲಿ, ನಾನು ಹುಟ್ಟಿದ ವರ್ಷ. ಕಬಕ ಪುತ್ತೂರು ನಿಲ್ದಾಣದಲ್ಲಿ ಅಪ್ಪನ ಕೈ ಹಿಡಿದು ಕಾದ ರೈಲು ಇಷ್ಟೇ ಅಗಲದ ಹಳಿಯ ಮೇಲೆ ಬರುತ್ತಿತ್ತು. ಹಳಿ ದಾಟುವಾಗ ನನ್ನ ಪುಟ್ಟ ಕಾಲಿಗೆ ಅದು ಎರಡು ಹೆಜ್ಜೆ. ಆಮೇಲೆ ಬ್ರಾಡ್‌ಗೇಜ್ ಆಯಿತು, ಹಳೆಯ ಹಳಿ ಕಿತ್ತರು. ಇಲ್ಲಿ ಆದದ್ದು ತಿರುಗಾಮುರುಗಾ. ಬ್ಯಾಂಕಾಕಿನಿಂದ ಉತ್ತರಕ್ಕೆ ಮೊದಲು ಹಾಕಿದ್ದು ಅಗಲದ ಹಳಿ. ದಕ್ಷಿಣದ್ದನ್ನು ಮಲಯದ ರೈಲಿಗೆ ಹೊಂದುವಂತೆ ಮೀಟರ್‌ಗೇಜಿನಲ್ಲಿ ಕಟ್ಟಿದರು. ಕೊನೆಗೆ ಇಡೀ ದೇಶವೇ ಮೀಟರಿಗೆ ಇಳಿಯಿತು. ನಮ್ಮ ವೈಡಿಎಂ-4 ಡೀಸೆಲ್ ಎಂಜಿನ್‌ಗಳು 1990ರ ದಶಕದಲ್ಲಿ ಮಲೇಷ್ಯಾಕ್ಕೆ ಬಾಡಿಗೆಗೆ ಹೋಗಿ ಓಡಿದ್ದೂ ಹಳಿಯ ಅಗಲ ಒಂದೇ ಆಗಿದ್ದರಿಂದ. ಅವೂ ತಾತ್ಕಾಲಿಕ ಆಮದೇ.

ಆ ಗಡಿಗೂ ಆ ಹಳಿಗೂ ಒಂದೇ ಜಾತಕ. 1909ರ ಮಾರ್ಚಿನಲ್ಲಿ ಸಿಯಾಮ್, ಅಂದರೆ ಇಂದಿನ ಥಾಯ್ಲೆಂಡ್, ಮತ್ತು ಬ್ರಿಟನ್ ಒಂದು ಒಪ್ಪಂದ ಮಾಡಿಕೊಂಡವು. ಕೆಡಾ, ಪರ್ಲಿಸ್, ಕೆಲಾಂಟನ್, ತೆರಂಗಾನು ಸೀಮೆಗಳ ಮೇಲಿನ ಹಕ್ಕನ್ನು ಸಿಯಾಮ್ ಬಿಟ್ಟುಕೊಟ್ಟಿತು. ಅದರ ಜೊತೆಗೇ ದಕ್ಷಿಣದ ರೈಲು ಕಟ್ಟಲು 40 ಲಕ್ಷ ಪೌಂಡ್ ಸಾಲ ಪಡೆಯಿತು. 1918ರಲ್ಲಿ ಎರಡೂ ಕಡೆಯ ಹಳಿಗಳು ಪಾಡಾಂಗ್ ಬೆಸಾರ್‌ನಲ್ಲಿ ಕೂಡಿದವು. ಊರನ್ನು ಎರಡು ಮಾಡಿದವರೇ ಅದನ್ನು ಹೊಲಿಯಲು ದಾರವನ್ನೂ ಸಾಲ ಕೊಟ್ಟರು. ಪಾಡಾಂಗ್ ಬೆಸಾರ್ ಎಂದರೆ ದೊಡ್ಡ ಬಯಲು. ಬಯಲಿನಲ್ಲಿ ಗೆರೆ ಎಲ್ಲಿದೆ ಎಂದು ಕಿಟಕಿಯಿಂದ ಹುಡುಕಿದೆ. ಒಂದು ಬೇಲಿ ಕಂಡ ಹಾಗಾಯಿತು, ಅಷ್ಟರಲ್ಲಿ ನಿಲ್ದಾಣ ಬಂತು. ರೈಲು ಗಡಿಯಲ್ಲಿ ನಿಲ್ಲಲಿಲ್ಲ, ದಾಟಿದ ಮೇಲೆ ನಿಂತಿತು.

ನಿಲ್ದಾಣ ಇರುವುದು ಮಲೇಷ್ಯಾದ ನೆಲದಲ್ಲಿ. ಥಾಯ್ ಅಧಿಕಾರಿಗಳು ಅಲ್ಲಿಗೇ ಬಂದು ಕೂರುತ್ತಾರೆ. ಒಂದು ಕೌಂಟರಿನಲ್ಲಿ ಥಾಯ್ಲೆಂಡಿನಿಂದ ಹೊರಬಿದ್ದು, ಕೆಲವು ಹೆಜ್ಜೆ ನಡೆದು ಇನ್ನೊಂದರಲ್ಲಿ ಮಲೇಷ್ಯಾ ಹೊಗಬೇಕು. ನಡುವಿನ ಆ ಹೆಜ್ಜೆಗಳಲ್ಲಿ ನೀವು ಎಲ್ಲಿಯವರೂ ಅಲ್ಲ.

“ಮೊತೊಸಾಯ್?” ಎಂದು ಅಧಿಕಾರಿ ಮತ್ತೊಮ್ಮೆ ಕೇಳಿದರು.

ಗ್ಯಾರೇಜಿನ ಲುಂಗ್ ಒಂದು ಬಿಲ್ ಪುಸ್ತಕದ ಹಾಳೆಯಲ್ಲಿ ಥಾಯ್ ಲಿಪಿಯಲ್ಲಿ ಏನೋ ಬರೆದು ಕೊಟ್ಟಿದ್ದರು. ಯಾಕೆಂದು ಆಗ ತಿಳಿದಿರಲಿಲ್ಲ. ಅದನ್ನು ಮುಂದಿಟ್ಟೆ. ಅಧಿಕಾರಿ ಓದಿದರು, ಪಕ್ಕದವರನ್ನು ಕರೆದು ಓದಿಸಿದರು. ಇಬ್ಬರೂ ನಕ್ಕರು. ಅವರಲ್ಲೊಬ್ಬರು ಎರಡು ಮುಷ್ಟಿಗಳನ್ನು ಒಂದಕ್ಕೊಂದು ಒತ್ತಿ ಹಿಡಿದು ತೋರಿಸಿದರು: ಪಿಸ್ಟನ್ ಹಿಡಿದುಕೊಂಡಿದೆ, ಅಲ್ಲವಾ? ಹೌದು ಎಂದು ತಲೆಯಾಡಿಸಿದೆ. ಆಮೇಲೆ ಸುಂಕದ ಕಾಗದದ ಮೇಲಿನ ದಿನಾಂಕಕ್ಕೆ ಬೆರಳಿಟ್ಟು, ಇಷ್ಟರೊಳಗೆ ಎಂದು ಇಂಗ್ಲಿಷಿನಲ್ಲಿ ಹೇಳಿ, ಠಸ್ಸೆ ಒತ್ತಿದರು.

ಇಷ್ಟಾಗುವಾಗ ಪೆನಾಂಗಿನ ಕಡೆಯ ರೈಲು ಹೊರಟುಹೋಗಿತ್ತು. ನನ್ನ ಗಡಿಯಾರದಲ್ಲಿ ಇನ್ನೂ ಹೊತ್ತಿತ್ತು. ಆದರೆ ಮಲೇಷ್ಯಾ ಥಾಯ್ಲೆಂಡಿಗಿಂತ ಒಂದು ಗಂಟೆ ಮುಂದೆ. ಕೌಂಟರ್ ದಾಟುವಾಗ ಆ ಗಂಟೆ ಹೋಯಿತು. ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಹೆಲ್ಮೆಟನ್ನು ಪಕ್ಕಕ್ಕಿಟ್ಟು ಮುಂದಿನ ರೈಲಿಗೆ ಕಾದೆ. ಎದುರಿಗೆ ನಾನು ಬಂದ ಥಾಯ್ ರೈಲು ವಾಪಸು ಹೊರಡಲು ತಯಾರಾಗುತ್ತಿತ್ತು. ಆ ರೈಲಿಗೆ ದಿನವೂ ಗಡಿ ದಾಟುವ ಕೆಲಸ, ಅದನ್ನು ಯಾರೂ ಏನೂ ಕೇಳುವುದಿಲ್ಲ. ಹಾಗೆ ನೋಡಿದರೆ ಬೈಕೇ ನನ್ನ ಥರದ್ದು. ಹೋದಲ್ಲೆಲ್ಲ ವಾಪಸು ಯಾವಾಗ ಎಂದು ಬರೆದುಕೊಡಬೇಕು. ಇಷ್ಟು ದಿನ ಅಮ್ಮ ಕೇಳುತ್ತಿದ್ದ ಅದೇ ಪ್ರಶ್ನೆಯನ್ನು ಇವತ್ತು ಒಬ್ಬ ಥಾಯ್ ಅಧಿಕಾರಿ ಬೈಕಿನ ಬಗ್ಗೆ ಕೇಳಿದ್ದರು. ಅವರಿಗಾದರೆ ತೋರಿಸಲು ಒಂದು ತಾರೀಕು ಇತ್ತು.

ಮುಂದಿನ ವಾರ ಹೊಸ ವೀಸಾ ಮಾಡಿಸಿ, ಶನಿವಾರ ಅದೇ ದಾರಿಯಲ್ಲಿ ಹಾಟ್ ಯಾಯ್‌ಗೆ ಹೋದೆ. ಆಗಲೂ ಕೈಯಲ್ಲಿ ಹೆಲ್ಮೆಟ್. ಟಿಕೆಟ್ ನೋಡಲು ಬಂದ ಕಂಡಕ್ಟರ್ ಅದನ್ನು ನೋಡಿ, ರೈಲು ಅಷ್ಟೇನೂ ಜೋರಾಗಿ ಹೋಗುವುದಿಲ್ಲ ಎಂಬಂತೆ ಕೈಸನ್ನೆ ಮಾಡಿ ಹೋದ.

ಬೈಕ್ ತಯಾರಾಗಿತ್ತು. ಮೊದಲು ಗುರುತೇ ಸಿಗಲಿಲ್ಲ. ಸೀಟಿನಿಂದ ಮಡ್‌ಗಾರ್ಡಿನವರೆಗೆ ಬಿಳಿ ಕೈಗುರುತುಗಳು. ಸೊಂಗ್‌ಕ್ರಾನಿನಲ್ಲಿ ಸುಣ್ಣದಂಥ ಬಿಳಿ ಪುಡಿಯನ್ನು ನೀರಲ್ಲಿ ಕಲಸಿ ಒಬ್ಬರ ಕೆನ್ನೆಗೆ ಒಬ್ಬರು ಹಚ್ಚುತ್ತಾರೆ. ಲುಂಗ್ ಅವರ ಮೊಮ್ಮಕ್ಕಳು, ಹಬ್ಬದಲ್ಲಿ ಒಂಟಿಯಾಗಿ ನಿಂತಿದ್ದ ಪರದೇಶಿ ಬೈಕನ್ನು ಬಿಟ್ಟಿರಲಿಲ್ಲ. ಒರೆಸಲು ಲುಂಗ್ ಬಟ್ಟೆ ತಂದರು. ಬೇಡ ಎಂದೆ. ಕಿಕ್ಕರ್ ತುಳಿದೆ, ಮೊದಲ ಏಟಿಗೇ ಹೊತ್ತಿತು. ಅವರು ಬಗ್ಗಿ ಡ್ರೈನ್ ಬೋಲ್ಟಿನ ಮೇಲೆ ನನ್ನ ಬೆರಳನ್ನೇ ಹಿಡಿದು ಇಟ್ಟು, ಬಿಗಿಯಾಗಿದೆಯೇ ನೋಡು ಎಂದು ತಿರುಗಿಸಿ ತೋರಿಸಿದರು. ಬಿಲ್ಲಿನಲ್ಲಿ ಲೇಥಿನವನ ದುಡ್ಡು, ಪಿಸ್ಟನ್ನು, ಗ್ಯಾಸ್ಕೆಟ್, ತಮ್ಮ ಕೂಲಿ ಎಲ್ಲ ಸರಿಯಾಗಿ ಬರೆದಿದ್ದರು. ಒಂಬತ್ತು ದಿನ ಇಟ್ಟುಕೊಂಡದ್ದಕ್ಕೆ ಏನೂ ಹಾಕಿರಲಿಲ್ಲ.

ಹೊಸ ಪಿಸ್ಟನ್ ಎಂದು ನಲವತ್ತರ ಮೇಲೆ ಹೋಗದೆ ಸಡಾವ್ ತಲುಪಿದೆ. ಸುಂಕದ ಅಧಿಕಾರಿ ಬಿಳಿ ಕೈಗುರುತುಗಳ ಸುತ್ತ ಒಂದು ಸುತ್ತು ಬಂದು, ಎಂಜಿನ್ ನಂಬರ್ ತಾಳೆ ನೋಡಿ, ಕಾಗದ ವಾಪಸು ತೆಗೆದುಕೊಂಡರು. ಮರು ರಫ್ತು ಆಯಿತು. ಪಾಸ್‌ಪೋರ್ಟ್ ಹಗುರಾಯಿತು.

2019ರಲ್ಲಿ ನಾನು ಮಲೇಷ್ಯಾ ಬಿಟ್ಟೆ. ಬೈಕನ್ನು ಅಣ್ಣೆಗೇ ಕೊಟ್ಟೆ. ಅದು ಮೊದಲು ಅವರದೇ ಆಗಿತ್ತು. ಹೆಲ್ಮೆಟ್ ಮಾತ್ರ ಸಾಮಾನಿನ ಜೊತೆ ಪುತ್ತೂರಿಗೆ ಬಂತು. ಐಎಸ್‌ಐ ಗುರುತು ಇಲ್ಲದ್ದರಿಂದ ಇಲ್ಲಿ ಹಾಕಿಕೊಂಡು ಓಡಾಡುವ ಹಾಗಿಲ್ಲ. ಸ್ವಲ್ಪ ದಿನ ಜಗಲಿಯ ಮೊಳೆಯಲ್ಲಿ ನೇತಾಡಿತು. ಆಮೇಲೆ ಅಮ್ಮನ ಒಂದು ಹ್ಯಾಟೆ ಅದನ್ನು ಪರೀಕ್ಷಿಸಿ ನೋಡಿ ಒಳಗೆ ಮೊಟ್ಟೆಯಿಡತೊಡಗಿತು. ಅಮ್ಮ ಮೊಳೆಯಿಂದ ಇಳಿಸಿ ಒಳಗೆ ಸ್ವಲ್ಪ ಬೈಹುಲ್ಲು ಹಾಕಿದರು.

ಈಗ ಬಿಸುವಿಗೆ ಕಣಿ ಇಡುವಾಗ ಅಮ್ಮ ನನ್ನನ್ನು ಏನೂ ಕೇಳುವುದಿಲ್ಲ. “ಗೇರುಹಣ್ಣು ಕೊಯ್ದು ತಾ,” ಎನ್ನುತ್ತಾರೆ, ಅಷ್ಟೇ.